ಸ್ಪಿರಿಟ್ ಅರಿವೆಯ ಇಮಾಮಸಾಬ

ಇಮಾಮಸಾಬ ನನ್ನ ಗೇಮ್ ಮಷಿನ್ನಿನ ಬಟನ್ನನ್ನು ಎಂದೂ ಬರಿಗೈಲೆ ಮುಟ್ಟಿದವನಲ್ಲ. ಮೊದಲು ಕಿಸೆಯಿಂದ ಹಳದಿ ಅರಿವೆ ತೆಗೆಯುತ್ತಿದ್ದ. ಸಣ್ಣ ಬಾಟಲಿಯ ಸ್ಪಿರಿಟ್ಟಿನಲ್ಲಿ ತೋಯಿಸಿ, ಮಾರಿ ಆ ಕಡೆ ತಿರುವಿಕೊಂಡು ಬಟನ್ ಒರೆಸುತ್ತಿದ್ದ. ಕರ್ರಗಾದ ಅರಿವೆಯನ್ನು ನನ್ನ ಮೂಗಿನ ಮುಂದೆ ಹಿಡಿದು, "ನೋಡ್ರಿ ಸಾವ್ಕಾರ್ರ, ಇದು ನಿಮ್ಮ ಗಿರಾಕಿಗಳ ಬೆವರು, ಇದು ಮಿರ್ಚಿ ಭಜಿ ಎಣ್ಣಿ, ಇದು ಗುಟಖಾ. ಇದರಾಗ ನೀವು ಉಣ್ಣಾಕತ್ತೀರಿ" ಎನ್ನುತ್ತಿದ್ದ. ಆದರೂ ಅವನನ್ನೇ ಕರೆಸುತ್ತಿದ್ದೆ, ಅವನಂಥ ಕೈ ಬೇರೆ ಯಾರಿಗೂ ಇರಲಿಲ್ಲ.

ತೊಂಬತ್ತರ ದಶಕದ ಮಾತು. ಜೇವರ್ಗಿ ಬಸ್ ಸ್ಟ್ಯಾಂಡಿನ ಎದುರಿಗೆ ನಾನು ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದೆ. ತಗಡಿನ ಖೋಲಿ, ಎರಡು ಮಷಿನ್ನು, ಬೇಸಿಗೆಯಲ್ಲಿ ಕಾಲಿಟ್ಟರೆ ಗಬ್ಬು ವಾಸನೆ. ಇಮಾಮಸಾಬ ಆಳಂದದವ, ರೇಡಿಯೋ-ಟೀವಿ ಮೆಕ್ಯಾನಿಕ್. ಮಗಳನ್ನು ಜೇವರ್ಗಿಗೆ ಕೊಟ್ಟಿದ್ದ. ಅವಳನ್ನು ನೋಡಲು ವಾರಕ್ಕೊಮ್ಮೆ ಬಂದಾಗ ನನ್ನ ಸತ್ತ ಬಟನ್ನುಗಳನ್ನು ಬದಲಿಸಿ ಹೋಗುತ್ತಿದ್ದ.

ಎಲ್ಲರಿಗೂ ಹುಚ್ಚು ಹಿಡಿಸಿದ್ದು ಒಂದೇ ಆಟ. ಮೇಲಿಂದ ಹುಳಗಳು ಇಳಿಯುತ್ತವೆ, ಕೆಳಗಿನ ವಿಮಾನ ಗುಂಡು ಹೊಡೆಯಬೇಕು. ಒಮ್ಮೆ ಒತ್ತಿದರೆ ಒಂದೇ ಗುಂಡು, ಸಾವಿರ ಗುಂಡಿಗೆ ಸಾವಿರ ಸಲ ಕುಟ್ಟಬೇಕು. ಇಮಾಮಸಾಬನಿಗೆ ಅದನ್ನು ಕಂಡರೆ ವಾಕರಿಕೆ. "ಇದು ಆಟ ಏನ್ರಿ? ನಮ್ಮ ಅಮ್ಮಾ ಬ್ಯಾಳಿ ಮಿಲ್ಲಿನ್ಯಾಗ ದಿನಾ ಹರಳು ಆರಿಸ್ತಿದ್ಲು. ಆಕಿಗೆ ಕೂಲಿ ಕೊಡತಿದ್ರು. ನಿಮ್ಮಲ್ಲಿ ಕೂಲಿಯವರೇ ರೊಕ್ಕ ಕೊಟ್ಟು ಕುಟ್ಟತಾರ. ನಾ ಒಂದು ಸಣ್ಣ ಸರ್ಕಿಟ್ ಕೂಡಸ್ತೇನಿ. ಬಟನ್ ಹಿಡದು ನಿಂತ್ರ ಸಾಕು, ಗುಂಡು ತಾವೇ ಹೋಗ್ತಾವ. ಗುರಿ ಮನಷ್ಯಾಂದು ಇರ್ಲಿ, ಕುಟ್ಟೋದು ಮಷಿನ್ನಿಂದು ಇರ್ಲಿ."

ನಾನು ಒಪ್ಪಲಿಲ್ಲ. ಬೆರಳು ಸೋತಷ್ಟೂ ಆಟ ಜಲ್ದಿ ಮುಗಿಯುತ್ತದೆ, ಜಲ್ದಿ ಮುಗಿದಷ್ಟೂ ಡಬ್ಬಿಗೆ ಇನ್ನೊಂದು ನಾಣ್ಯ ಬೀಳುತ್ತದೆ. ಅದನ್ನು ಬಾಯಿಬಿಟ್ಟು ಹೇಳುವಷ್ಟು ಮಾನಗೇಡಿ ನಾನಿನ್ನೂ ಆಗಿರಲಿಲ್ಲ. "ಕುಟ್ಟೋದ್ರಾಗೇ ಮಜಾ ಅದ ಬಿಡು" ಎಂದೆ. ಸಾಲದ್ದಕ್ಕೆ, "ನೀ ರೇಡಿಯೋದ ಟ್ರಾನ್ಸ್‌ಫಾರ್ಮರಿಗೆ ಕೈಲೆ ತಂತಿ ಸುತ್ತತಿ, ಅದೂ ಸಾವಿರ ಸುತ್ತೇ ಅಲ್ಲೇನು?" ಎಂದು ಚುಚ್ಚಿದೆ.

ಅವನು ತಲೆ ಎತ್ತಲಿಲ್ಲ. "ಹೌದ್ರಿ. ಸುತ್ತಿ ಮುಗಿಸಿದ್ರ ರೇಡಿಯೋ ಮಾತಾಡತದ. ನಿಮ್ಮದು ಕುಟ್ಟಿ ಮುಗಿಸಿದ್ರ ಏನಂತದ? ಮತ್ತ ರೊಕ್ಕ ಹಾಕು ಅಂತದ."

ನನ್ನ ಗಿರಾಕಿಗಳಲ್ಲಿ ಮೊದಲನೆಯವ ರಾಚಣ್ಣ, ಪಕ್ಕದ ಕಟಿಂಗ್ ಅಂಗಡಿಯವ. ಇಡೀ ಜೇವರ್ಗಿಯಲ್ಲಿ ಅವನಷ್ಟು ಹಗುರ ಕೈ ಇರಲಿಲ್ಲ, ಗಡ್ಡ ಮಾಡಿಸುತ್ತ ನಿದ್ದೆ ಹೋದವರಿದ್ದರು. ಮಂಗಳವಾರ ಅಂಗಡಿ ರಜೆ ಇದ್ದಾಗ ಇಡೀ ದಿನ ನನ್ನಲ್ಲೇ ಬಿದ್ದಿರುತ್ತಿದ್ದ, ಉಳಿದ ದಿನ ಗಿರಾಕಿ ಇಲ್ಲದಾಗ ಓಡಿ ಬರುತ್ತಿದ್ದ. ಬರಬರುತ್ತ ಅವನ ಬಲಗೈ ಹೆಬ್ಬಟ್ಟು ಬಾತುಕೊಂಡಿತು. ಮಡಚಿದರೆ ಬಿಚ್ಚುತ್ತಿರಲಿಲ್ಲ, ಎಡಗೈಲೆ ಎಳೆದರೆ ಟಕ್ ಅನ್ನುತ್ತಿತ್ತು. ಆ ಸಪ್ಪಳ ಕೇಳಿದರೆ ಮೈ ಜುಮ್ಮೆನ್ನುತ್ತಿತ್ತು, ಆದರೂ ನಾನು ಚಿಲ್ಲರೆ ಕೊಡುತ್ತಲೇ ಇದ್ದೆ.

ಒಂದು ದಿನ ಇಮಾಮಸಾಬ ಗಲ್ಲ ಒತ್ತಿಹಿಡಿದುಕೊಂಡು ಬಂದ. ಅಂಗಿಯ ಮೇಲೆ ನೆತ್ತರು. ಗಡ್ಡ ಮಾಡುವಾಗ ರಾಚಣ್ಣನ ಕತ್ತಿ ಜಾರಿತ್ತು. ಇಮಾಮಸಾಬ ಗಾಯಕ್ಕೆ ಅದೇ ಸ್ಪಿರಿಟ್ ಹಚ್ಚಿಕೊಂಡು, ನನ್ನನ್ನು ಒಂದು ಮಾತೂ ಕೇಳದೆ ಮಷಿನ್ನಿನ ಬೆನ್ನು ಬಿಚ್ಚಿ ಸರ್ಕಿಟ್ ಕೂಡಿಸಿದ. "ಇವತ್ತು ನನ್ನ ಗಲ್ಲ ಹೋತು, ಚಿಂತಿಲ್ಲ. ನಾಳಿ ಯಾರರೆ ಗಂಟಲು ಹೋದ್ರ? ರಾಚಣ್ಣನ ಹೊಟ್ಟಿ ಆ ಹೆಬ್ಬಟ್ಟಿನ ಮ್ಯಾಲ ಅದರಿ" ಎಂದ.

ಮರುದಿನ ರಾಚಣ್ಣ ಬಟನ್ ಹಿಡಿದು ಸುಮ್ಮನೆ ನಿಂತ. ಗುಂಡು ತಾವೇ ಹೋದವು. ಸ್ವಲ್ಪ ಹೊತ್ತಿಗೆ ಅವನು, "ಅಣ್ಣಾ, ಈ ಹುಳಕ್ಕ ಕಣ್ಣ ಅದಾವ ನೋಡ. ಇಷ್ಟ ದಿನ ನಾ ನೋಡೇ ಇದ್ದಿಲ್ಲ" ಎಂದು ನಕ್ಕ. ಅವತ್ತು ಒಂದೇ ನಾಣ್ಯದ ಮೇಲೆ ಮಧ್ಯಾಹ್ನದ ತನಕ ಆಡಿದ. ವಾರದೊಳಗೆ ಬಾವು ಇಳಿಯತೊಡಗಿತು.

ನನ್ನ ಡಬ್ಬಿಯೂ ಇಳಿಯಿತು. ಒಂದು ಮುಂಜಾನೆ ಮಷಿನ್ನಿನ ಹಿಂದೆ ಕೈ ಹಾಕಿ ಆ ತಂತಿ ಕತ್ತರಿಸಿದೆ. "ಸರ್ಕಿಟ್ ಸುಟ್ಟದ" ಎಂದು ರಾಚಣ್ಣನಿಗೆ ಹೇಳಿದೆ. ಪಾಪ, ನಂಬಿದ, ಮತ್ತೆ ಕುಟ್ಟತೊಡಗಿದ. ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೆ ಹೇಸಿಗೆ ಬರುತ್ತದೆ.

ಇಮಾಮಸಾಬ ಮುಂದಿನ ಸಲ ಬಂದು ಮಷಿನ್ನಿನ ಬೆನ್ನು ಬಿಚ್ಚಿದ. ಕತ್ತರಿಸಿದ ತುದಿ ನೋಡಿದ, ನನ್ನನ್ನು ನೋಡಿದ. ಬಟನ್ ಒರೆಸಿ, "ಸಾವ್ಕಾರ್ರ, ನೀವು ಯಾವಾಗರೆ ಆಡೀರೇನು? ಬರ್ರಿ" ಎಂದ. ನಾನು ನನ್ನ ಮಷಿನ್ನಿನ ಮುಂದೆ ಆಡಲು ನಿಂತಿದ್ದು ಅದೇ ಮೊದಲು. ಆಟ ಮುಗಿದಾಗಲೆಲ್ಲ ಅವನು ತನ್ನ ಕಿಸೆಯ ನಾಣ್ಯ ಹಾಕುತ್ತಿದ್ದ. ನಾಲ್ಕನೆಯ ಆಟಕ್ಕೆ ನನ್ನ ಹೆಬ್ಬಟ್ಟಿನಿಂದ ಮೊಣಕೈವರೆಗೆ ಉರಿ ಹತ್ತಿತು.

"ಸಾಕು" ಎಂದೆ.

"ಮಜಾ ಬಂತೇನ್ರಿ?" ಎಂದ. ಸಾಮಾನು ಚೀಲಕ್ಕೆ ತುಂಬಿಕೊಂಡು ಹೋದ. ಮತ್ತೆ ನನ್ನ ಅಂಗಡಿ ಹತ್ತಲಿಲ್ಲ.

ವರ್ಷಗಳು ಕಳೆದ ಮೇಲೆ, ಅತನೂರಿಗೆ ಒಂದು ಮದುವೆಗೆ ಹೊರಟವನು ಅಫಜಲಪುರ ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಕಂಡೆ. ಮೀಸೆ ಬೆಳ್ಳಗಾಗಿತ್ತು, ಗಲ್ಲದ ಗೀರು ಹಾಗೇ ಇತ್ತು. ನಾನು ಕೈ ಚಾಚಿದೆ. ಸಭ್ಯ ಮನುಷ್ಯ, ಕೈ ಕೊಟ್ಟ. "ಆರಾಮದೀರೇನ್ರಿ? ರಾಚಣ್ಣನ ಹೆಬ್ಬಟ್ಟು ಹ್ಯಾಂಗದ?" ಎಂದು ಕೇಳಿದ.

"ಮಡಚಂಗಿಲ್ಲ. ಕತ್ತಿ ಬಿಟ್ಟು ಭಾಳ ದಿನ ಆತು. ಈಗ ಇನ್ನೊಬ್ಬರ ಕಟಿಂಗ್ ಅಂಗಡಿಯಾಗ ಕೂದಲ ಗುಡಿಸ್ತಾನ" ಎಂದೆ. ನಾನೂ ಗೇಮ್ ಅಂಗಡಿ ಮುಚ್ಚಿದೆ ಎಂದು ಸೇರಿಸಿದೆ.

ಆಳಂದದ ಬಸ್ಸು ಬಂತು. ಅವನು ಕಿಸೆಯಿಂದ ಹಳದಿ ಅರಿವೆ ತೆಗೆದು ಬಾಟಲಿಯ ಬಿರಡೆ ಬಿಚ್ಚಿದ. ನನ್ನ ಕೈ ಹಿಡಿದಿದ್ದ ತನ್ನ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. ಅರಿವೆಯನ್ನೊಮ್ಮೆ ನೋಡಿ, ಮಡಚಿ ಒಳಗಿಟ್ಟು, ಬಸ್ಸು ಹತ್ತಿದ.