ಕಾರೆ ಕಂಟಿಗೆ ಕಟ್ಟಿದ ಖಣ

ಹೆಂಡತಿಯ ಟ್ರಂಕಿನಿಂದ ಕೇಳದೆ ನಾನು ತೆಗೆದುಕೊಂಡ ವಸ್ತು ಇದುವರೆಗೆ ಒಂದೇ: ಕೆಂಪು ಅಂಚಿನ ಹಸಿರು ಖಣ, ಬ್ಯಾಡಗಿಯ ತವರಿನವರು ಅವಳಿಗೆ ಉಡಿ ತುಂಬುವಾಗ ಕೊಟ್ಟದ್ದು. ಕುಪ್ಪಸವಾಗಬೇಕಿದ್ದ ಅದನ್ನು ನಾನು ಒಂದು ಮುಳ್ಳುಗಿಡಕ್ಕೆ ಕಟ್ಟಿ ಬಂದೆ ಎಂದರೆ, ಮಿತ್ರರೇ, ನೀವೂ ಅವಳಂತೆಯೇ ನನ್ನ ಮುಖವನ್ನು ದಿಟ್ಟಿಸುತ್ತೀರಿ.

ಟಪಾಲು ಕಚೇರಿಯಿಂದ ನಿವೃತ್ತನಾದ ಮೇಲೆ, ಮುದ್ರೆ ಒತ್ತಲು ತಾರೀಖಿಲ್ಲದ ದಿನಗಳು ನನಗೆ ಒಗ್ಗಲಿಲ್ಲ. ಆಗ ಹಾವೇರಿಯ ಕಾಲೇಜೊಂದರ ಸಸ್ಯಶಾಸ್ತ್ರದ ಮೇಡಂ ನನಗೊಂದು ಕೆಲಸ ಹಚ್ಚಿದರು. ರಾಣೆಬೆನ್ನೂರಿನ ಹೊರಗಿನ ಕುರುಚಲು ಕಾಡಿನಂಚಿನಲ್ಲಿ ಹತ್ತು ಗಿಡ ಆರಿಸಿ, ಗುರುತಿಗೆ ಬಣ್ಣದ ಬಟ್ಟೆ ಕಟ್ಟಿ, ಮಂಗಳವಾರಕ್ಕೊಮ್ಮೆ ಹೋಗಿ, ಯಾವುದು ಯಾವಾಗ ಚಿಗುರಿತು, ಹೂಬಿಟ್ಟಿತು, ಕಾಯಿಕಟ್ಟಿತು ಎಂದು ಬರೆಯಬೇಕು. ಒಂಬತ್ತಕ್ಕೆ ನನ್ನ ಹಳೆಯ ಲುಂಗಿ ಸಾಕಾಯಿತು. ಹತ್ತನೆಯದಾದ ಕಾರೆ ಕಂಟಿಗೆ ಖಣ ಬಂತು.

ಗಿಡಗಳು ಪಂಚಾಂಗ ನೋಡುವುದಿಲ್ಲ, ಆದರೂ ಮುಹೂರ್ತ ತಪ್ಪಿಸುವುದಿಲ್ಲ. ಮುತ್ತುಗ ಎಲೆಯನ್ನೆಲ್ಲ ಉದುರಿಸಿ ಬರಿಮೈಯಲ್ಲಿ ನಿಂತು ಬಿಸಿಲಿಗೇ ಸಡ್ಡುಹೊಡೆದು ಕೆಂಪಗೆ ಅರಳುತ್ತದೆ. ಬೇವಿನ ಹೂವು ಯುಗಾದಿಯ ಬಟ್ಟಲಿಗೆ ಹೇಗೋ ಒದಗಿಬರುತ್ತದೆ. ಕಾರೆ ಮಾತ್ರ ಮೊದಲ ಮಳೆಗಾಗಿ ತಾಳಿಕೊಂಡಿದ್ದು, ಅದು ಬಿದ್ದ ಕೆಲವೇ ದಿನಗಳಲ್ಲಿ ಕಾಡಿನ ಕಾರೆಯೆಲ್ಲ ಒಟ್ಟಿಗೆ ಬೆಳ್ಳಗಾಗಿ ಘಮಘಮಿಸುತ್ತದೆ. ಒಂಟಿಯಾಗಿ ಅರಳಿದರೆ ದುಂಬಿ ಬಂದೀತು, ಆದರೆ ಅದು ನೆರೆಯ ಹೂವಿನ ಪರಾಗವನ್ನು ತರುವುದೆಲ್ಲಿಂದ? ಮೂರು ವರ್ಷ ಇದನ್ನು ತಪ್ಪದೆ ಬರೆದೆ. ನನ್ನ ವಹಿಯಲ್ಲಿ ಅತ್ಯಂತ ಚೊಕ್ಕವಾದ ಸಾಲು ಆ ಕಾರೆಯದೇ, ನನಗೆ ಅದರ ಮೇಲೆ ತುಸು ಜಂಬವೂ ಇತ್ತು.

ನಾಲ್ಕನೆಯ ವರ್ಷ ಹೋಳಿಗೂ ಮುಂಚೆ, ಆಕಾಶದಲ್ಲಿ ಮೋಡದ ಚೂರೂ ಇಲ್ಲದಾಗ, ಖಣ ಕಟ್ಟಿದ ಕಂಟಿ ಮೈತುಂಬ ಹೂಬಿಟ್ಟು ನಿಂತಿತ್ತು. ಸುತ್ತಲಿನ ಕಾರೆಗಳೆಲ್ಲ ಒಣಗಿ ಬಣಬಣ. ಬುಡದಲ್ಲಿ ಕುಂಕುಮ, ನಿಂಬೆಹಣ್ಣು. ಕುಂಕುಮವನ್ನು ಹಿಂದೆಯೂ ಕಂಡು, ಯಾರೋ ಹಾದಿಹೋಕರ ಭಕ್ತಿಯೆಂದು ನಕ್ಕು ಬಿಟ್ಟಿದ್ದೆ. ಈಗ ಬಗ್ಗಿ ಬುಡದ ಮಣ್ಣು ಮುಟ್ಟಿ ನೋಡಿದೆ, ಹಸಿಯಾಗಿತ್ತು. ಯಾರಾದರೂ ನೀರೆರೆದ ಗಿಡದ ಸಾಲನ್ನು ವಹಿಯಿಂದ ಹೊಡೆದುಹಾಕಬೇಕೆಂದು ಮೇಡಂ ಮೊದಲ ದಿನವೇ ಹೇಳಿದ್ದರು.

ದೇವಿಯ ವಾರವೆಂದು ಶುಕ್ರವಾರ ಬೆಳಿಗ್ಗೆ ಹೋಗಿ ಕಾದೆ. ಹತ್ತಿರದ ಹೊಲದ ಗಂಗವ್ವ ತುಂಬಿದ ಕೊಡ ಹೊತ್ತು ಬಂದಳು, ಹಿಂದೆ ಇನ್ನೂ ನಾಲ್ವರು. ಆ ಖಣ ಕಟ್ಟಿದವನು ನಾನು, ಇಲ್ಲಿ ಯಾವ ದೇವಿಯೂ ಇಲ್ಲವೆಂದು ವಿವರಿಸಿದೆ.

“ಗೊತ್ತೈತ್ರಿ ಅಣ್ಣಾರ, ನೀವು ಕಟ್ಟಿದ್ದು ನಾನ ನೋಡೇನಿ,” ಎಂದಳು ಕೊಡ ಇಳಿಸುತ್ತ. “ಮೂರು ವರ್ಷದಿಂದ ಒಂದು ಮಂಗಳವಾರ ಬಿಟ್ಟಿಲ್ಲ. ಬರ್ತೀರಿ, ಸುತ್ತ ಹಾಕ್ತೀರಿ, ಕಣ್ಣು ಮಿಟುಕಿಸದ ನಿಂದರ್ತೀರಿ, ಏನೋ ಬರಕೊಂಡು ಹೋಗ್ತೀರಿ. ಓದಿದವರ ಇಷ್ಟು ನಡಕೊಂಡ್ರ ನಾವು ಸುಮ್ನ ಇರಾಕ ಆಕ್ಕತೇನ್ರಿ?”

ದೇವಿಯನ್ನು ಪ್ರತಿಷ್ಠಾಪಿಸಿದವನೂ ನಾನೇ, ಮೊದಲ ಭಕ್ತನೂ ನಾನೇ.

ಅಂದು ವಹಿಯ ಮುಂದೆ ಬಹಳ ಹೊತ್ತು ಕೂತೆ. ನೀರಿನ ಸುದ್ದಿ ಬರೆಯದಿದ್ದರೆ ಸಾಲು ಉಳಿಯುತ್ತದೆ, ಕೇಳುವವರಿಲ್ಲ. ಆಸೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಒಂದು ದಿನವೂ ತಪ್ಪು ತಾರೀಖಿನ ಮುದ್ರೆ ಒತ್ತದ ಕೈ ಕೇಳಲಿಲ್ಲ. “ಈ ವರ್ಷದಿಂದ ಶುಕ್ರವಾರಕ್ಕೆ ಐದು ಕೊಡ ನೀರು, ತಪ್ಪು ಖಣ ಕಟ್ಟಿದವನದು” ಎಂದು ಬರೆದು ಕಳಿಸಿದೆ.

ಮೇಡಂ ಫೋನಿನಲ್ಲಿ ನಕ್ಕು ನಕ್ಕು ಸುಸ್ತಾದರು. “ಸಾಲು ಹೊಡೀಬ್ಯಾಡ್ರಿ, ಬ್ಯಾರೆ ಹಾಳಿಗೆ ಬರೀರಿ. ಆಜೂಬಾಜೂ ಒಂದೂ ಅರಳಿಲ್ಲ, ನೀರು ಕುಡದದ್ದಷ್ಟ ಅರಳೇತಿ. ಕಾರೆ ಕಾಯೋದು ತಿಂಗಳಿಗಲ್ಲ, ನೀರಿಗೆ ಅಂತ ಆ ಅವ್ವಾರು ತೋರಿಸ್ಯಾರ. ಅವರ ಹೆಸರೂ ಬರೀರಿ.”

ಮುಂದಿನ ಶುಕ್ರವಾರ ಹೋಗಿ, ನಿನ್ನ ಹೆಸರು ಕಾಲೇಜಿನ ವಹಿ ಸೇರಿತು ಎಂದು ಗಂಗವ್ವನಿಗೆ ಹೇಳಿದೆ. ಅವಳು ಹೂವಿನತ್ತ ಒಮ್ಮೆ, ನನ್ನತ್ತ ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡಳು.

“ಹೆಸರು ಇರಲಿ ಅಣ್ಣಾರ. ಮುಂದಿನ ಸಲ ಕಟ್ಟೋದಾದ್ರ ಬೋರಿನ ಬಾಜೂಕಿನ ಕಂಟಿಗೆ ಕಟ್ರಿ, ಇಲ್ಲೀತನಾ ಕೊಡಾ ಹೊತ್ತು ಸೊಂಟಾ ಹೋಗೇತಿ.”