ಸೊಸೆಯ ಪಾಲಿನ ಮುದ್ದೆ

ನಮಗೆ ಕೊಟ್ಟಿದ್ದ ಫಾರಮ್ಮಿನಲ್ಲಿ ಮನುಷ್ಯರ ದುಡಿಮೆಗೆ ಮೂರೇ ಮಾತುಗಳಿದ್ದವು: ಹಗುರ, ಮಧ್ಯಮ, ಭಾರ. ನೇಗಿಲು ಹಿಡಿಯುವ ಗಂಡಸಿಗೆ ಭಾರ. ಅಂಗಡಿಯಲ್ಲಿ ಕೂರುವವನಿಗೆ ಹಗುರ. ಹೆಂಗಸಿನ ಮುಂದೆ ‘ಮನೆಗೆಲಸ’ ಎಂದು ಬರೆದ ಮೇಲೆ ಯೋಚಿಸುವುದೇ ಬೇಡ, ಹಗುರ ಎಂದು ಗುರುತು ಹಾಕಿ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಗೃಹವಿಜ್ಞಾನದಲ್ಲಿ ಪದವಿ ಪಡೆದ ಹುಡುಗಿ ನಾನು. ಹೊಳಲ್ಕೆರೆಯ ನಮ್ಮ ಮನೆಯಲ್ಲಿ ಅಮ್ಮ ಕೋಳಿ ಕೂಗುವ ಹೊತ್ತಿನಿಂದ ಏನೇನು ಮಾಡುತ್ತಿದ್ದಳೆಂದು ಕಣ್ಣಾರೆ ಕಂಡವಳು. ಆದರೂ ಹಾಗೆಯೇ ಗುರುತು ಹಾಕಿದೆ. ಇವತ್ತಿಗೂ ಅದನ್ನು ನೆನೆದರೆ ಮೈ ಉರಿಯುತ್ತದೆ. ಆ ಉರಿ ಫಾರಮ್ಮಿನ ಮೇಲೋ ನನ್ನ ಮೇಲೋ ಎಂದು ಮಾತ್ರ ಸರಿಯಾಗಿ ಹೇಳಲಾರೆ.

ಎಪ್ಪತ್ತರ ದಶಕದ ನಡುವಿನ ಮಾತು. ಚಿತ್ರದುರ್ಗದ ಕಚೇರಿಯೊಂದರಲ್ಲಿ ಆಹಾರ ಸಮೀಕ್ಷೆಯ ತಾತ್ಕಾಲಿಕ ಕೆಲಸ ಸಿಕ್ಕಿತ್ತು. ಕೈಯಲ್ಲಿ ಒಂದು ತಕ್ಕಡಿ, ಬಟ್ಟೆಯ ಚೀಲದಲ್ಲಿ ತೂಕದ ಕಲ್ಲುಗಳು. ಹಿರಿಯೂರಿನ ಬಸ್ಸು ಹತ್ತಿ ಆದಿವಾಲದ ಆಚೆಯ ಒಂದು ಊರಿಗೆ ಹೋಗಬೇಕು, ಒಂದೊಂದು ಮನೆಯಲ್ಲಿ ಮೂರು ಮಧ್ಯಾಹ್ನ ಕೂತು ಊಟ ತೂಗಬೇಕು. ಬೆಳಗಿನದನ್ನೂ ರಾತ್ರಿಯದನ್ನೂ ಕೇಳಿ ಬರೆದುಕೊಂಡರೆ ಸಾಕು. ಮೊಲೆಯುಣಿಸುವ ತಾಯಿಗೆ ಆಹಾರ ಸಾಲದೆಂದು ಫಾರಮ್ಮು ತೋರಿಸಿದರೆ ಆಸ್ಪತ್ರೆಯಿಂದ ಆರು ತಿಂಗಳು ಹಾಲಿನ ಪುಡಿ, ಗೋಧಿ ಹಿಟ್ಟು ಕೊಡುತ್ತಿದ್ದರು. ತೋರಿಸದಿದ್ದರೆ ಇಲ್ಲ.

ನಾನು ಹೇಳುತ್ತಿರುವ ಮನೆಯಲ್ಲಿ ಮಾವ, ಅತ್ತೆ, ಮಗ, ಸೊಸೆ, ಸೊಸೆಯ ನಾಲ್ಕು ತಿಂಗಳ ಕೂಸು. ಸೊಸೆಗೆ ಹೆಚ್ಚೆಂದರೆ ಹತ್ತೊಂಬತ್ತು. ಮೊದಲ ದಿನ ಅತ್ತೆ ಹಿತ್ತಲಿಗೆ ಹೋದದ್ದೇ ತಡ, ಅವಳು ನನ್ನ ಪಕ್ಕಕ್ಕೆ ಸರಿದು ಕೇಳಿದಳು.

“ಹಾಲಿನ ಪುಡಿ ಕೊಡ್ತಾರಂತೆ, ದಿಟಾನಾ ಅಕ್ಕಾರೆ?”

“ಬೇಕಿದ್ದವರಿಗೆ ಕೊಡ್ತಾರೆ. ನಿನಗೆ ಹಾಲು ಸಾಲ್ತಿಲ್ವಾ?”

“ಬೆಳಿಗ್ಗೆ ಒಂದೀಟು ಬರ್ತೈತೆ. ಸಂಜೀಕೆ ಕೂಸು ಸುಮ್ನೆ ಚೀಪಿ ಚೀಪಿ ಅಳ್ತೈತೆ.” ಅತ್ತೆಯ ಹೆಜ್ಜೆ ಕೇಳಿದ್ದೇ ಮೊರ ಎತ್ತಿಕೊಂಡಳು.

“ತಕ್ಕಡಿ ಸುಳ್ಳು ಹೇಳಲ್ಲ, ನೋಡೋಣ ಇರು” ಎಂದೆ. ಈ ಮಾತು ನನ್ನ ಆಗಿನ ಡೈರಿಯಲ್ಲಿಯೂ ಇದೆ. ಹೆಮ್ಮೆಯಿಂದಲೇ ಬರೆದುಕೊಂಡಿದ್ದೇನೆ.

ಅತ್ತೆ ಗಟ್ಟಿ ಹೆಂಗಸು. ತಕ್ಕಡಿ ನೋಡಿ, “ಇದೇನಮ್ಮಾ, ನಮ್ಮ ಹೊಟ್ಟೇನ ಶೇಂಗಾ ತೂಗ್ದಂಗೆ ತೂಗ್ತೀರಾ? ತೂಗ್ರಿ, ತೂಗ್ರಿ. ಈ ಮನೇಲಿ ಉಪಾಸ ಇರೋರು ಯಾರೂ ಇಲ್ಲ” ಎಂದಳು. ಹಿಟ್ಟು ತಿರುವಿ ಐದು ಮುದ್ದೆ ಕಟ್ಟಿದಳು. ನಾಲ್ಕು ಅವರಿಗೆ, ಒಂದು ನನಗೆ. ಸಮೀಕ್ಷೆ ಮಾಡುವ ಮನೆಯಲ್ಲಿ ಉಣ್ಣಬಾರದೆಂಬ ನಿಯಮವಿತ್ತು. ನಾನು ಬೇಡವೆಂದಾಗ ಅತ್ತೆಯ ಮುಖ ಬಿಗಿಯಿತು.

“ಯಾಕೆ, ನಮ್ಮನೇಲಿ ಉಣ್ಣಾಕೆ ಆಗಾಕಿಲ್ವಾ ನಿಮ್ಗೆ?”

ಆ ಮಾತಿನ ಹಿಂದೆ ಏನಿದೆಯೆಂದು ಗೊತ್ತಿತ್ತು. ಯಾರ ಮನೆಯಲ್ಲಾದರೂ ಉಣ್ಣುವವಳು ನಾನು ಎಂದು ತೋರಿಸಲು ಕೂತು ಉಂಡೆ. ಹುರುಳಿಕಾಳಿನ ಸಾರು ಚೆನ್ನಾಗಿತ್ತು. ಮೂರು ದಿನವೂ ಉಂಡೆ.

ನಾಲ್ಕು ತಟ್ಟೆಗಳ ಮುದ್ದೆಯನ್ನೂ ತೂಗಿ, ಮಾವ, ಮಗ, ಅತ್ತೆ, ಸೊಸೆ ಎಂದು ಎದುರಿಗೆ ಬರೆಯುತ್ತಿದ್ದೆ. ಗಂಡಸರು ನನ್ನ ಮುಂದೆಯೇ ಉಂಡು ಏಳುತ್ತಿದ್ದರು. ಹೆಂಗಸರು “ನಾವು ಆಮ್ಯಾಲೆ ಉಣ್ತೀವಿ” ಎನ್ನುತ್ತಿದ್ದರು. ಅವರ ತಟ್ಟೆಗಳ ಮೇಲೆ ಬುಟ್ಟಿ ಕವುಚಿಡುತ್ತಿದ್ದರು. ನನಗೆ ಬಸ್ಸಿನ ಹೊತ್ತಾಗುತ್ತಿತ್ತು. ತೂಗಿದ್ದನ್ನು ಉಂಡದ್ದೆಂದೇ ಬರೆದುಕೊಂಡು ಏಳುತ್ತಿದ್ದೆ.

“ರಾತ್ರಿ ಏನ್ ಉಂಡ್ರಿ?” ಎಂದು ಕೇಳಿದರೆ, “ಹಿಂಗೇ. ಮುದ್ದೆ, ಸಾರು, ಎಲ್ರಿಗೂ ಒಂದೊಂದು” ಎಂದು ಅತ್ತೆಯೇ ಉತ್ತರ ಕೊಡುತ್ತಿದ್ದಳು. ಅದನ್ನೂ ಬರೆದೆ.

ಮೂರನೆಯ ದಿನ ಬಸ್ಸಿನ ಹಾದಿಯಲ್ಲಿ ಅರ್ಧ ಹೋದ ಮೇಲೆ ಕಲ್ಲುಗಳ ಚೀಲ ಅಲ್ಲಿಯೇ ಬಿಟ್ಟದ್ದು ನೆನಪಾಯಿತು. ತಿರುಗಿ ಬಂದೆ. ಅಡುಗೆಮನೆಯ ಹೊಸ್ತಿಲ ಬಳಿ ಸೊಸೆ ಕೂತಿದ್ದಳು, ಮಡಿಲಲ್ಲಿ ಕೂಸು. ಮುದ್ದೆ ಮಾಡಿದ ಪಾತ್ರೆಯ ತಳಕ್ಕೆ ಹತ್ತಿದ ಸೀಕನ್ನು ಕೆರೆದು, ನೀರು ಮಜ್ಜಿಗೆಯಲ್ಲಿ ಕಲಸಿಕೊಂಡು ಉಣ್ಣುತ್ತಿದ್ದಳು. ಓರೆಯಾಗಿದ್ದ ಬುಟ್ಟಿಯ ಕೆಳಗೆ ನಾನು ತೂಗಿದ ಅವಳ ಪಾಲಿನ ಮುದ್ದೆ ಹಾಗೆಯೇ ಇತ್ತು.

“ಇದು ನಿನ್ನದಲ್ವಾ?”

“ರಾತ್ರೀಕೆ ಅವ್ರಿಗೆ ಬೇಕಲ್ರೀ” ಎಂದಳು. ಅವರು ಎಂದರೆ ಗಂಡ. ಆಮೇಲೆ ನಕ್ಕುಬಿಟ್ಟಳು. “ಇದ್ದ ರಾಗಿ ನಾಕು ದಿನ ಬರ್ಬೇಕಿತ್ತು. ನೀವು ಬಂದ್ರಿ ಅಂತ ಅತ್ತೆ ಮಧ್ಯಾನಕ್ಕೇ ಜಾಸ್ತಿ ಹಾಕ್ಬಿಟ್ರು.”

ನಾನು ಉಂಡ ಮೂರು ಮುದ್ದೆಗಳು ಅಲ್ಲಿ ನಿಂತಲ್ಲೇ ಹೊಟ್ಟೆಯಲ್ಲಿ ಕಲ್ಲಾದವು ಎಂದು ಈಗ ಬರೆಯಬೇಕೆನಿಸುತ್ತದೆ. ಹಾಗಾಯಿತೋ ಇಲ್ಲವೋ ನೆನಪಿಲ್ಲ. ಕಲ್ಲುಗಳ ಚೀಲ ಎತ್ತಿಕೊಂಡು ಓಡಿದೆ, ಬಸ್ಸು ಸಿಕ್ಕಿತು ಎಂದಷ್ಟೇ ಡೈರಿ ಹೇಳುತ್ತದೆ.

ಬಸ್ಸಿನಲ್ಲಿ ಕೂತಾಗ ಕಾಲೇಜಿನಲ್ಲಿ ಓದಿದ್ದೆಲ್ಲ ಒಂದೊಂದಾಗಿ ಬಂದು ಎದುರಿಗೆ ನಿಂತಿತು. ಮೈಗೆ ಬರುವುದಕ್ಕಿಂತ ಮೈಯಿಂದ ಹೋಗುವುದು ಹೆಚ್ಚಾದರೆ ದೇಹ ಮೊದಲು ತನ್ನ ಕೊಬ್ಬನ್ನು ಕರಗಿಸುತ್ತದೆ, ಆಮೇಲೆ ಮಾಂಸಖಂಡಕ್ಕೆ ಕೈ ಹಾಕುತ್ತದೆ. ಹಾಲಿಗೆ ಬೇಕಾದ ಸುಣ್ಣದಂಶ ಊಟದಲ್ಲಿ ಸಾಲದಿದ್ದರೆ ತಾಯಿಯ ಎಲುಬಿನಿಂದ ಬರುತ್ತದೆ. ಕೂಸಿಗೆ ಎಲ್ಲಿಂದಾದರೂ ತಂದು ಕೊಡಬೇಕೆಂದು ದೇಹ ಹಟ ಹಿಡಿಯುತ್ತದೆ. ತರಲು ಏನೂ ಉಳಿಯದಾಗ ಹಾಲು ಇಳಿಯುತ್ತದೆ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಒಳ್ಳೆಯ ಅಂಕ ಬಂದಿತ್ತು ನನಗೆ. ಆ ಹುಡುಗಿ ಬೆಳಗಾಗುವ ಮುಂಚೆ ರಾಗಿ ಬೀಸುತ್ತಿದ್ದಳು, ಬಾವಿಯಿಂದ ಎಂಟು ಕೊಡ ಸೇದುತ್ತಿದ್ದಳು, ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಶೇಂಗಾ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು, ಬರುವಾಗ ತಲೆಯ ಮೇಲೆ ಹುಲ್ಲಿನ ಹೊರೆ. ಅರ್ಧ ನಾನೇ ನೋಡಿದ್ದು, ಅರ್ಧ ಅವಳ ಬಾಯಿಂದ ಕೇಳಿದ್ದು. ಫಾರಮ್ಮಿನಲ್ಲಿ ನನ್ನದೇ ಅಕ್ಷರ: ಹಗುರ.

ಮರುದಿನ ಕಚೇರಿಯಲ್ಲಿ ಮೇಲಧಿಕಾರಿಯ ಮುಂದೆ ಫಾರಮ್ಮು ಇಟ್ಟು, ಇದು ತಪ್ಪು, ಆ ಮನೆಯನ್ನು ಮತ್ತೆ ತೂಗಬೇಕು ಎಂದೆ.

“ತೂಗಿದ್ದು ಯಾರಮ್ಮ?”

“ನಾನೇ ಸರ್.”

“ಸಹಿ?”

“ನನ್ನದೇ.”

“ಮತ್ತೆ?” ಅವರು ಪೆನ್ಸಿಲಿನಿಂದ ಕೂಡಿಸಿ ಭಾಗಿಸಿದರು. ಗಂಡಸನ್ನು ಒಂದು ಎಂದೂ ಹೆಂಗಸನ್ನು ಒಂದಕ್ಕಿಂತ ಕಡಿಮೆ ಎಂದೂ ಲೆಕ್ಕ ಹಿಡಿಯುವ ಕೋಷ್ಟಕವೊಂದು ಅವರ ಮೇಜಿನ ಗಾಜಿನ ಕೆಳಗೆ ಇತ್ತು. “ನೋಡಿ, ಮನೆ ಸರಾಸರಿ ಚೆನ್ನಾಗೇ ಐತೆ. ಕುಟುಂಬಕ್ಕೆ ಕೊರತೆ ಇಲ್ಲ.”

“ಸರ್, ಕುಟುಂಬ ಮೊಲೆ ಕುಡಿಸಲ್ಲ.”

ಈ ಮಾತು ಆಡಿದೆನೆಂದು ನಲವತ್ತು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಮಕ್ಕಳಿಗೆ ಹೇಳಿದ್ದೇನೆ, ಒಮ್ಮೆ ಒಂದು ಸಭೆಯಲ್ಲೂ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಹೋದ ತಿಂಗಳು ಹಳೆಯ ಡೈರಿ ತೆಗೆದು ನೋಡಿದರೆ ಆ ದಿನದ ಪುಟದಲ್ಲಿ ಇರುವುದು ಇಷ್ಟು: “ಸಾಹೇಬರ ಹತ್ತಿರ ಮಾತಾಡಿದೆ. ಒಪ್ಪಲಿಲ್ಲ. ಸಂಜೆ ಗೆಳತಿಯ ಜೊತೆ ಮಸಾಲೆ ದೋಸೆ.” ಕುಟುಂಬ ಮೊಲೆ ಕುಡಿಸುವುದಿಲ್ಲ ಎಂಬ ಮಾತು ಯಾವ ಪುಟದಲ್ಲೂ ಇಲ್ಲ. ಅಷ್ಟು ಒಳ್ಳೆಯ ಮಾತು ಆಡಿದ್ದರೆ ಆ ವಯಸ್ಸಿನಲ್ಲಿ ಬರೆಯದೆ ಬಿಡುತ್ತಿದ್ದೆನೇ? ದೋಸೆ ಮಾತ್ರ ದಿಟ.

ಹಾಲಿನ ಪುಡಿ ಪಡೆಯುವವರ ಪಟ್ಟಿ ಬಂದಾಗ ಅದರಲ್ಲಿ ಸೊಸೆ ಇರಲಿಲ್ಲ.

ಹಾಲಿನ ಪುಡಿಯ ಎರಡು ಡಬ್ಬ ಕೊಂಡು ಅದೇ ಬಸ್ಸಿನಲ್ಲಿ ಹೋದೆ. ಈ ಸಲ ತಕ್ಕಡಿ ಇರಲಿಲ್ಲ. ಅವತ್ತಿನ ಪುಟ ಡೈರಿಯಲ್ಲಿ ಉದ್ದಕ್ಕೆ ಇದೆ, ಅದಕ್ಕೇ ನಂಬುತ್ತೇನೆ. ಸೊಸೆ ಬಾವಿಗೆ ಹೋಗಿದ್ದಳು. ಅತ್ತೆ ಡಬ್ಬಗಳನ್ನು ಮುಟ್ಟಲಿಲ್ಲ.

“ನಮ್ಮ ಸೊಸೆಗೆ ಕೊಡಾಕೆ ನೀವ್ಯಾರ್ರಿ?”

ನನಗೆ ಸಿಟ್ಟು ನೆತ್ತಿಗೇರಿತು. “ಆ ಹುಡುಗಿಗೆ ಸೀಕು ತಿನ್ನಿಸಿ, ನನ್ನ ಮುಂದೆ ಮುದ್ದೆ ಇಟ್ಟು ತೋರಿಸಿದ್ರಲ್ಲ, ನಿಮಗೆ ಕರುಳಿಲ್ವಾ? ನೀವು ನಿಜ ಹೇಳಿದ್ದಿದ್ರೆ ಆರು ತಿಂಗಳು ಬರ್ತಿತ್ತು.”

ಅವಳು ಬಯ್ಯಲಿಲ್ಲ, ಅದೇ ನನಗೆ ಕಷ್ಟವಾದದ್ದು.

“ಮನೆಗೆ ಬಂದೋರ ಮುಂದೆ ಖಾಲಿ ತಟ್ಟೆ ಇಡ್ತಾರೇನಮ್ಮಾ? ಸೀಕು ಅಂತೀರಿ. ಆ ಮೂರು ದಿನ ನನ್ನ ತಟ್ಟೇಲಿದ್ದ ಮುದ್ದೆ ಎಲ್ಲಿಗೆ ಹೋತು ಅಂತ ಕೇಳಿದ್ರಾ? ಅದೂ ರಾತ್ರೀಕೆ ಗಂಡಸರ ತಟ್ಟೆಗೇ. ಅವ್ಳಿಗೆ ಸೀಕಾದ್ರೂ ಬಿಟ್ಟೆ ನಾನು.”

ಸೊಸೆ ಕೊಡ ಹೊತ್ತು ಬಂದು ಬಾಗಿಲಲ್ಲಿ ನಿಂತಳು. ಅತ್ತೆ ಎದ್ದು ಡಬ್ಬಗಳನ್ನು ನೆಲುವಿನ ಮೇಲೆ ಇಟ್ಟು, “ನೀರು ಕಾಸೇ, ಪುಡಿ ಕಲಸಾಣ” ಎಂದಳು. ನನ್ನ ಕಡೆ ತಿರುಗಿ, “ಕುಂತ್ಕಳ್ರಿ, ಉಂಡು ಹೋಗ್ರಿ” ಎಂದಳು. ನಾನು ಉಣ್ಣಲಿಲ್ಲ. ಅದು ಅವಮಾನವೆಂದು ಗೊತ್ತಿದ್ದೇ ಎದ್ದು ಬಂದೆ.

ಆ ಫಾರಮ್ಮಿನಲ್ಲಿ ಅತ್ತೆ ಎಂಬುದರ ಮುಂದೆಯೂ ಮೂರು ದಿನದ ಮೂರು ತೂಕಗಳನ್ನು ಬರೆದಿದ್ದೆ. ಸೊಸೆಗಾಗಿ ಸಿಟ್ಟಾದ ನನಗೆ ಆ ಸಾಲಿನ ಮೇಲೆ ಒಮ್ಮೆಯೂ ಅನುಮಾನ ಬಂದಿರಲಿಲ್ಲ. ಅತ್ತೆ ಉಂಡದ್ದನ್ನು ನಾನು ನೋಡಿರಲಿಲ್ಲ. ಸೀಕನ್ನೂ ಬಿಟ್ಟುಕೊಟ್ಟ ಮೇಲೆ ಆ ಮೂರು ದಿನ ಆಕೆ ಏನು ಉಂಡಳು ಎಂದು ಕೇಳುವ ಧೈರ್ಯ ಅವತ್ತು ಬರಲಿಲ್ಲ. ಈಗ ಕೇಳಲು ಅವಳಿಲ್ಲ.