ಹುಳದ ಮನೆಗೆ ಬಂದ ಮಿಷನ್ನು

ಆಗ ನನಗೆ ಅರವತ್ತೊಂಬತ್ತು. ಈಗ್ಗೆ ಐದು ವರ್ಷದ ಮಾತು. ಊರಿಗೆ ಊರೇ ಒಂದು ಹಗಲು ಪೂರ್ತಿ ಇಂಟರ್ನೆಟ್ ಇಲ್ಲದೆ ಕೂತಿತ್ತಲ್ಲ, ಅದಕ್ಕೆ ಕಾರಣ ನಾನೇ ಅಂತ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಆಗಿದ್ದು ಇಷ್ಟು. ಕೊಳ್ಳೇಗಾಲದ ಕಡೆ ರೇಷ್ಮೆ ಸಾಕೋರ ಮನೆ ಹಿಂದೆ ಒಂದು ಹುಳದ ಮನೆ ಇರುತ್ತೆ. ದಪ್ಪ ಗೋಡೆ, ಸಣ್ಣ ಕಿಟಕಿ, ಒಳಗೆ ತಂಪು. ಮಂಡಿ ಹಿಡಿದುಕೊಂಡ ಮೇಲೆ ನಾನು ಸೊಪ್ಪು ಹೊರೋದು ಬಿಟ್ಟೆ, ಆ ಮನೆ ಖಾಲಿ ಬಿತ್ತು. ಕೇಬಲ್ ಟಿವಿ ನಡೆಸುತ್ತಿದ್ದ ಮಾದೇಶ ಕೆಲವು ವರ್ಷದಿಂದ ಇಂಟರ್ನೆಟ್ ಲೈನೂ ಕೊಡುತ್ತಿದ್ದ. ಮಿಷನ್ನು ಇಡೋಕೆ ತಂಪಾದ ಜಾಗ ಬೇಕು ಅಂದ. ಬಾಡಿಗೆಗೆ ಕೊಟ್ಟೆ. ಬೇಸಿಗೆ ಬಂತು, ಮಿಷನ್ನು ಮುಟ್ಟಿದರೆ ಕೈ ಸುಡೋ ಹಾಗೆ ಕಾಯಿತು. ಬಿಸಿಲಿಗೆ ಹುಳ ಬಾಡಿದರೆ ಏನು ಮಾಡ್ತಿದ್ದೆನೋ ಅದನ್ನೇ ಮಾಡಿದೆ. ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟಿದೆ. ಒಂದನ್ನ ಮಿಷನ್ನಿನ ಮೇಲೂ ಹೊದಿಸಿದೆ. ಟಪ್ ಅಂತು.

ಮಾದೇಶ ಓಡಿಬಂದು ತಲೆ ಮೇಲೆ ಕೈ ಇಟ್ಕೊಂಡ. "ಏನ್ ದೊಡ್ಡವ್ವ ಇದು! ಬಾಣಂತಿಗೆ ಒದ್ಸ್ದಂಗೆ ಒದ್ಸಿದ್ದೀಯಲ್ಲ!"

"ನಲವತ್ತು ವರ್ಷ ಇಂಗೇ ಸಾಕ್ದೆ ಕಣ್ಲಾ. ಒಂದು ಉಳುಕ್ಕಿರೋ ತಾಕತ್ತೂ ನಿನ್ ಮಿಷನ್ಗಿಲ್ಲ ಅಂದ್ರೆ ನಾನೇನ್ ಮಾಡ್ಲಿ?"

ಅವತ್ತು ಅವನು ರಿಪೇರಿ ಮಾಡ್ತಾ ಕೂತಾಗ ಕೇಳಿದೆ, ಈ ಪಿಳಿಪಿಳಿ ಲೈಟು ಬಿಟ್ಕೊಂಡು ಇದು ಮಾಡೋದಾದರೂ ಏನು ಅಂತ.

"ಲೈನ್ ಕೊಡ್ತದೆ. ಜೊತೆಗ್ ಬರ್ಕತದೆ. ಯಾರ ಮನೇಲಿ ಎಷ್ಟೊತ್ನಲ್ಲಿ ಯಾವ್ ಯಾವ್ ಸೈಟ್ ತಗುದ್ರು ಅಂತ."

"ಎಷ್ಟ್ ದಿನ ಮಡೀಕತೀಯ ಅದ?"

"ಇಂತಿಷ್ಟ್ ಕಾಲ ಇರ್ಲೇಬೇಕು ಅಂತ ಸರ್ಕಾರ್ದೋರು ಅಂದವ್ರೆ. ಪೋಲೀಸ್ನೋರು ಕಾಗ್ದ ತಂದ್ರೆ ಕೊಡ್ಬೇಕು. ಆಮೇಲೆ ಅಳುಸ್ಬೋದು. ಆದ್ರೆ ಯಾರ್ ಕೂತ್ಕಂಡ್ ಅಳುಸ್ತಾರೆ? ಮೊದ್ಲಿಂದ ಇರೋದೆಲ್ಲ ಅಂಗೇ ಅದೆ."

ನನಗೆ ಇದು ಸರಿ ಕಾಣಲಿಲ್ಲ. ಹಣ್ಣಾದ ಹುಳ ಗೂಡು ಕಟ್ಟಿದ ಮೇಲೆ ಬಿಡಿಸೋಕೆ ಒಂದು ದಿನ ಅಂತ ಇದೆ. ಆತುರಪಟ್ಟು ಬೇಗ ಬಿಡಿಸಿದರೆ ಹುಳ ಒಳಗೇ ಕೊಳೆತು ನೂಲು ಕೆಡುತ್ತೆ. ಇನ್ನೊಂದಷ್ಟು ದಿನ ಇರಲಿ ಬಿಡು ಅಂತ ಸೋಮಾರಿತನ ಮಾಡಿದರೆ, ಒಳಗಿರೋದು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಆಚೆಗೆ ಬರುತ್ತೆ. ಕೊಳ್ಳೇಗಾಲದ ಮಾರ್ಕೆಟ್ಟಿನಲ್ಲಿ ಆ ಗೂಡನ್ನ ಯಾರೂ ಮೂಸೋದಿಲ್ಲ. ಇಟ್ಟುಕೊಳ್ಳೋಕೂ ಒಂದು ಅಳತೆ ಬೇಕು. ಮಾದೇಶ ಊರಿನ ಗುಟ್ಟೆಲ್ಲ ಗುಡ್ಡೆ ಹಾಕಿಕೊಂಡು ಚಿಟ್ಟೆ ಬರೋದನ್ನ ಕಾಯ್ತಾ ಕೂತಿದ್ದ.

ಹಿಂದೆ ನಮ್ಮ ಗುಟ್ಟು ಪೋಸ್ಟಿನವನ ಹತ್ತಿರ ಇರುತ್ತಿತ್ತು. ನನಗೆ ಆಗ ಅಕ್ಷರ ಬರುತ್ತಿರಲಿಲ್ಲ. ಈಗಲೂ ಬರೋದು ಅಷ್ಟಕ್ಕಷ್ಟೇ. ಗಂಡ ಹೊಡೀತಾನಾ ಅಂತ ನನ್ನವ್ವ ಕಾಗದದಲ್ಲಿ ಕೇಳಿಸಿದ್ದಳು. ಓದಿ ಹೇಳಿದವನೂ ಅವನೇ, ಹೊಡೀತಾನೆ ಅಂತ ಉತ್ತರ ಬರೆದುಕೊಟ್ಟವನೂ ಅವನೇ. ಮುಂದಿನ ಬೀದಿಗೆ ಹೋಗೋವಷ್ಟರಲ್ಲಿ ಮರೆತಿದ್ದ. ಇಲ್ಲ, ಮರೆತವನ ಹಾಗಿದ್ದ. ನನಗೆ ಎರಡೂ ಒಂದೇ. ಸರ್ಕಾರ ಅವನಿಗೆ ಸಂಬಳ ಕೊಟ್ಟಿದ್ದು ಕಾಗದ ತರೋದಕ್ಕೆ. ಮರೆಯೋ ಕೆಲಸ ಅವನು ಪುಕ್ಕಟೆ ಮಾಡಿಕೊಟ್ಟ. ಮಿಷನ್ನಿಗೆ ಆ ಒಂದು ಕೆಲಸ ತಾನಾಗಿ ಬರೋದಿಲ್ಲ. ಯಾರಾದರೂ ಕೂತು ಮಾಡಿಸಬೇಕು.

ಚಿಟ್ಟೆ ಬಂದೇಬಿಟ್ಟಿತು. ನಮ್ಮ ಬೀದಿ ತುದೀಲಿ ಗುರುಮಲ್ಲಪ್ಪನ ಮನೆ. ದೊಡ್ಡ ಜಮೀನು, ದೊಡ್ಡ ಗಂಟಲು. ಅವನ ಸೊಸೆ ರೂಪ, ಯಳಂದೂರಿನ ಹುಡುಗಿ. ಮಧ್ಯಾಹ್ನ ಎಲ್ಲರೂ ಹೊಲದಲ್ಲಿರುವಾಗ ಬಾಗಿಲು ಹಾಕ್ಕೊಂಡು ಫೋನ್ ನೋಡ್ತಾಳೆ ಅನ್ನೋದು ಇವನಿಗೆ ಹೊಟ್ಟೆಯೊಳಗಿನ ಮುಳ್ಳು. ಒಂದು ಶನಿವಾರ ಬಂದವನೇ ನಮ್ಮ ಅಂಗಳದಲ್ಲಿ ನಿಂತು ಮಾದೇಶನಿಗೆ ಹೇಳಿದ:

"ಲೈನ್ ನನ್ ಎಸ್ರಲ್ಲೇ ಅದೆ. ಅವ್ಳು ಏನೇನ್ ನೋಡವ್ಳೆ ಅಂತ ಪಟ್ಟಿ ತಗ್ದು ಮಡಗು, ಸೋಮಾರ ಬತ್ತೀನಿ. ಅದ್ರಲ್ಲೇನಾರ ಸಿಕ್ತೋ, ಮಂಗ್ಳಾರ ಬೆಳಿಗ್ಗೆ ಬಸ್ಗೆ ಅವ್ಳ ತೌರಿಗೆ. ಕೊಡಕಿಲ್ಲ ಅಂದ್ರೆ ನನ್ ಜಮೀನ್ನಲ್ಲಿರೋ ನಿನ್ ಕಂಬ ಕಿತ್ಕಂಡೋಗು."

ಮಾದೇಶ "ಆಯ್ತು ಯಜಮಾನ್ರೆ" ಅಂದ. ಕಂಬಕ್ಕಿಂತ ಇವನೇ ಮೊದಲು ಬಗ್ಗಿದ.

ಭಾನುವಾರ ಸಂಜೆ ರೂಪ ಹೆಪ್ಪಿಗೆ ಮೊಸರು ಬೇಕು ಅಂತ ಬಂದಳು. ಅವರ ಹಟ್ಟೀಲಿ ಮೂರು ಹಸು ಇವೆ. ಮೊಸರಿಗೆ ಬಂದವಳಲ್ಲ ಅಂತ ಗೊತ್ತಾಯಿತು. "ಆ ಪಟ್ಟಿ ಮಾವ್ನ ಕೈಗೆ ಸಿಕ್ಬುಟ್ರೆ ನಾನು ಈ ಊರಲ್ಲಿರಕ್ಕಾಗಕಿಲ್ಲ ದೊಡ್ಡವ್ವ" ಅಂದಳು. ಇನ್ನೂ ಹೇಳೋಕೆ ಬಾಯಿ ತೆಗೆದಳು. "ಏನ್ ನೋಡ್ದೆ ಅಂತ ನನ್ಗೇಳ್ಬೇಡ. ಮೊಸ್ರು ತಕಂಡ್ ಓಗು" ಅಂದೆ. ಡಾಕ್ಟರ ವಿಷಯವೋ, ಓದಿನದೋ, ಕೋರ್ಟಿನದೋ, ಬರೀ ಸೀರೆಯೋ, ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಾಗಬೇಕು ಅಂತಲೂ ಇಲ್ಲ.

ಸೋಮವಾರ ಬೆಳಿಗ್ಗೆ ಹುಳದ ಮನೆ ಹೊಸಲಿಗೆ ಸುಣ್ಣದ ಪುಡಿ ಹಾಕಿದೆ, ಎರಡು ಬೆರಳು ದಪ್ಪ. ಹುಳ ಬಿಟ್ಟಿರೋ ಮನೆಗೆ ಹೊರಗಿನವರು ಕಾಲಿಡಬಾರದು, ಕಾಲಿನಲ್ಲಿ ರೋಗ ಬರುತ್ತೆ. ಸುಣ್ಣ ಕಂಡರೆ ಒಡಹುಟ್ಟಿದವನೂ ಆಚೆಯೇ ನಿಂತು ಮಾತಾಡಿ ಹೋಗಬೇಕು. ಇದನ್ನ ನಮಗೆ ಯಾರೂ ಹೇಳಿಕೊಟ್ಟಿಲ್ಲ, ಕಾಲಿಗೇ ಗೊತ್ತಿರುತ್ತೆ.

ಗುರುಮಲ್ಲಪ್ಪನ ಕಾಲಿಗೂ ಗೊತ್ತಿತ್ತು. ದಡದಡ ಬಂದವನು ಎತ್ತಿದ ಕಾಲನ್ನ ಹಿಂದಕ್ಕೆ ಇಟ್ಟ.

"ಏನಕ್ಕ, ಉಳ ಬಿಟ್ಟಿದ್ದೀಯಾ?"

"ಊರ್ನೋರ ಉಳವೆಲ್ಲ ಒಳ್ಗದೆ ಕಣಪ್ಪ. ನಿಂದೂ ಅದೆ."

"ತಮಾಸೆ ಬ್ಯಾಡ. ಅದು ಬರೀ ಮಿಷನ್ನು."

"ಮಿಷನ್ನೇಯ. ದಾಟ್ಕಂಡ್ ಬಾ ಮತ್ತೆ."

ದಾಟಲಿಲ್ಲ. ಸುಣ್ಣ ನೋಡಿದ, ನನ್ನ ನೋಡಿದ, ಮತ್ತೆ ಸುಣ್ಣ ನೋಡಿದ. ಇದೇ ಹೊತ್ತು ಅಂತ ಹೇಳಿದೆ: "ನಿನ್ ಉಳುಕ್ಕೆ ರೋಗ ಬಂದಿದ್ ವರ್ಷ ಊರ್ಗೆಲ್ಲ ಗೊತ್ತಿತ್ತು. ಒಬ್ರಾದ್ರೂ ನಿನ್ ಬಾಗ್ಲು ತಗ್ದು ಇಣುಕಿದ್ವಾ? ಉಳುಕ್ಕೆ ಕೊಟ್ಟ ಮರ್ವಾದೆ ಸೊಸೆಗ್ ಕೊಡಕ್ಕೇನಪ್ಪ ನಿಂಗೆ?"

ಆಗ ನನ್ನ ಬೆನ್ನ ಹಿಂದಿನಿಂದ ಮಾದೇಶನ ದನಿ ಬಂತು. ನಡುಗುತ್ತಿತ್ತು, ಆದರೂ ಬಂತು. "ಯಜಮಾನ್ರೆ, ಪೋಲೀಸ್ ಕಾಗ್ದ ಇಲ್ದೆ ಯಾರ್ಗೂ ಕೊಡಂಗಿಲ್ಲ. ಕಂಬ ಬೇಕಾದ್ರೆ ಕಿತ್ತಾಕಿ."

"ಕಿತ್ರೆ ನನ್ ಇತ್ಲಲ್ಲಿ ನೆಡು ಕಣ್ಲಾ" ಅಂದೆ. "ಜಾಗ ಬೇಕಾದಷ್ಟದೆ."

ಗುರುಮಲ್ಲಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿದ. "ಉಳದ್ ಮನೆ ಅಂತ ಮೊದ್ಲೇ ಏಳ್ಬಾರ್ದಿತ್ತಾ" ಅಂತ ಗೊಣಗಿ ಹೊರಟುಹೋದ. ಕಂಬ ಅಲ್ಲೇ ಇದೆ.

ಅವತ್ತು ಮಧ್ಯಾಹ್ನ ಮಾದೇಶನ್ನ ಕೂರಿಸಿ, ಪಕ್ಕದಲ್ಲಿ ನಾನೂ ಎಲೆಅಡಿಕೆ ಹಾಕ್ಕೊಂಡು ಕೂತು, ಗಡುವು ಮೀರಿದ್ದನ್ನೆಲ್ಲ ಅಳಿಸಿಸಿದೆ. "ಎಲ್ಲಾರ್ದೂವಾ?" ಅಂದ. "ಎಲ್ಲಾರ್ದೂ. ಗುರುಮಲ್ಲಪ್ಪಂದೂ" ಅಂದೆ. ಗಡುವು ಮುಗಿಯದ್ದು ಬೀಗದೊಳಗೆ ಇರಲಿ, ಸರ್ಕಾರದ ಮಾತನ್ನ ಮೀರೋದು ಬೇಡ. ಅಮಾವಾಸ್ಯೆ ಅಮಾವಾಸ್ಯೆಗೆ ಮುಗಿದಷ್ಟನ್ನ ತೆಗೆದು ಹಾಕಬೇಕು ಅಂತ ಗೊತ್ತು ಮಾಡಿದೆ. ಐದು ವರ್ಷದಲ್ಲಿ ಒಂದು ಅಮಾವಾಸ್ಯೆಯೂ ತಪ್ಪಿಲ್ಲ. ತಪ್ಪೋಕೆ ನಾನು ಬಿಟ್ಟಿಲ್ಲ.

ಮಾರನೇ ದಿನ ಬೆಳಿಗ್ಗೆ ಯಳಂದೂರಿನ ಬಸ್ಸು ರೂಪ ಇಲ್ಲದೆಯೇ ಹೋಯಿತು. ಅದರ ಧೂಳು ಇಳಿಯೋ ಮೊದಲೇ ನಾನು ಹುಳದ ಮನೇಲಿ ಮಾದೇಶನ ಮುಂದೆ ನಿಂತಿದ್ದೆ. ನನ್ನ ಹೆಸರಿಗೂ ಒಂದು ಲೈನ್ ಬರಕೋ ಅಂದೆ. ಹೆಬ್ಬೆಟ್ಟಿಗೆ ಮಸಿ ಡಬ್ಬಿ ಮುಂದಕ್ಕೆ ತಳ್ಳಿದ. ಅದನ್ನ ಪಕ್ಕಕ್ಕೆ ಸರಿಸಿ, ಪೆನ್ನು ತಕ್ಕೊಂಡು, ಸೊಟ್ಟಗಾದರೂ ಸರಿ ಅಂತ ಪೂರ್ತಿ ಹೆಸರು ಬರೆದೆ.

"ಈ ವಯಸ್ನಲ್ಲಿ ನೀನೇನ್ ನೋಡ್ತೀಯ ದೊಡ್ಡವ್ವ?" ಅಂತ ಬಾಯಿ ತಪ್ಪಿ ಕೇಳಿಬಿಟ್ಟ.

ನಾನು ಹೊಸಲ ಮೇಲಿನ ಸುಣ್ಣದ ಕಡೆ ಪೆನ್ನು ತೋರಿಸಿದೆ. ಅವನು ನಾಲಿಗೆ ಕಚ್ಚಿಕೊಂಡು ಏಣಿ ತರೋಕೆ ಎದ್ದ.